ಮಾವನಿಗೆಂದು ಆರಿಸಿದ ಡೇರೆ

ಮೋಹನದಾಸ ಒಂದು ಸಾಮಾನು ಕೊಳ್ಳುವುದೆಂದರೆ ಹತ್ತು ಊರು ಸುತ್ತಿ ಹೆಣ್ಣು ನೋಡಿದ ಹಾಗೆ. ಇಂಥವನು ತನ್ನನ್ನು ಒಂದೇ ಸಲ ನೋಡಿ ಹೇಗೆ ಒಪ್ಪಿದನೋ ಎಂದು ಹೆಂಡತಿ ಸುಗುಣಾಳಿಗೆ ಇಂದಿಗೂ ಆಶ್ಚರ್ಯ. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿದ್ದಾಗ ಈ ಮಹಾನುಭಾವ ಮಗ ಪ್ರೀತಮನಿಗೆ ಪ್ರಾಮ್ ಎಂಬ ತಳ್ಳುಗಾಡಿ ಆರಿಸಿ ಮನೆಗೆ ತರುವಷ್ಟರಲ್ಲಿ ಮಗುವೇ ಅದನ್ನು ತಳ್ಳಿಕೊಂಡು ಓಡಾಡುವಂತಾಗಿತ್ತು. ಆದರೂ ಆಫೀಸಿನವರೆಲ್ಲ ಸಲಹೆ ಕೇಳುವುದು ಇವನನ್ನೇ. ಅದೊಂದು ಜಂಬ ಬೇರೆ.

ಮೆಲ್ಬರ್ನ್‌ಗೆ ಬಂದು ವಿಂಡಮ್ ವೇಲ್‌ನಲ್ಲಿ ಮನೆ ಮಾಡಿದ ಮೇಲೆ, ೨೦೦೭ರ ಜೂನ್‌ನಲ್ಲಿ, ಅಂದರೆ ಅಲ್ಲಿಯ ಚಳಿಗಾಲದಲ್ಲಿ, ಸುಗುಣಾಳ ಅಪ್ಪ ಗೋಪೀನಾಥರು ಉದ್ಯಾವರದಿಂದ ಬಂದರು. ರಿಟೈರ್ ಆದ ಮೇಷ್ಟ್ರು. ಊರಿನಲ್ಲಿ ಭಾನುವಾರ ಬಂತೆಂದರೆ ಹೊಳೆದಂಡೆಯಲ್ಲಿ ಗಾಳ ಹಾಕಿ ಕೂರುವವರು. ಆಸ್ಟ್ರೇಲಿಯಾದಲ್ಲಿ ಏನು ನೋಡಬೇಕೆಂದು ಕೇಳಿದರೆ ಅವರು ಕೇಳಿದ್ದು ಇಷ್ಟೇ: ಇಲ್ಲಿಯ ಕಡಲಿಗೆ ಒಮ್ಮೆ ಗಾಳ ಹಾಕಬೇಕು. ಕರೆದುಕೊಂಡು ಹೋಗುವ ಜವಾಬ್ದಾರಿ ತನ್ನದೆಂದು ಏರ್‌ಪೋರ್ಟಿನಿಂದ ಬರುವಾಗಲೇ ಅಳಿಯ ಮಾತು ಕೊಟ್ಟ. ಅಲ್ಲಿಗೆ ಅವರ ಕೆಲಸ ಕೆಟ್ಟಿತು.

ಮಾವನವರು ಎರಡು ಸಲ ಕೆಮ್ಮಿದ್ದೇ ನೆಪವಾಯಿತು. ಈ ಗಾಳಿಯಲ್ಲಿ ಬಯಲಲ್ಲಿ ಕೂರಿಸುವುದೇ, ಒಳ್ಳೆಯ ಡೇರೆ ಬೇಕು ಎಂದು ಮೋಹನದಾಸ ಕಂಪ್ಯೂಟರ್ ಮುಂದೆ ಕುಳಿತ. ಇಲ್ಲಿಯ ಅಂಗಡಿಗಳ ಡೇರೆಗಳೆಲ್ಲ ಅವನ ಕಣ್ಣಿಗೆ ಕಸ. ಹುಡುಕುತ್ತ ಹುಡುಕುತ್ತ ಕೆನಡಾ ತಲುಪಿದ. ಅಲ್ಲಿ ಕೆರೆಗಳೇ ಹೆಪ್ಪುಗಟ್ಟುತ್ತವಂತೆ. ಜನ ಮಂಜುಗಡ್ಡೆಯ ಮೇಲೆ ಡೇರೆ ಹೂಡಿ, ಒಳಗೇ ಕುಳಿತು, ಕಾಲ ಬುಡದಲ್ಲಿ ತೂತು ಕೊರೆದು ಮೀನು ಹಿಡಿಯುತ್ತಾರಂತೆ. ಅಂಥ ಚಳಿಗೆ ಜಗ್ಗದ ಡೇರೆಗೆ ಮೆಲ್ಬರ್ನ್ ಯಾವ ಲೆಕ್ಕ! ಛತ್ರಿಯ ಹಾಗೆ ಬಿಚ್ಚುವುದೋ ಮಡಚುವುದೋ, ಬಟ್ಟೆ ಒಂದು ಪದರವೋ ಎರಡೋ ಎಂದು ಮೀನಮೇಷ ಎಣಿಸುವುದರಲ್ಲಿ ಜೂನ್ ಮುಗಿಯಿತು, ಜುಲೈಯೂ ಮುಗಿಯಿತು.

ಗೋಪೀನಾಥರು ಚಿತ್ರಗಳನ್ನೆಲ್ಲ ತಾಳ್ಮೆಯಿಂದ ನೋಡಿದರು. ಒಮ್ಮೆ ಮಾತ್ರ ಮೆತ್ತಗೆ ಕೇಳಿದರು:

"ಒಳಗೆ ಕೂತ್ರೆ ಗಾಳ ಹಾಕುದು ಎಲ್ಲಿಗೆ?"

ಕಿಟಕಿ ಇದೆ ಮಾವ ಎಂದ ಜಾಣ.

ಸುಗುಣಾಳಿಗೆ ಮೈಯೆಲ್ಲ ಉರಿಯಿತು. ಕಡಲು ಕಾರಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿಯೂ ಅಲ್ಲ. ತಾನೇ ಕರೆದುಕೊಂಡು ಹೋಗುತ್ತೇನೆ ಎಂದರೆ ಅಪ್ಪ ಒಪ್ಪಲಿಲ್ಲ. ಮಗಳ ಮನೆಯಲ್ಲಿ ಉಳಿದುಕೊಂಡು ಅಳಿಯನ ಮಾತು ಮೀರಿ ಹೊರಟರೆ ಅಳಿಯಂದಿರ ಮರ್ಯಾದೆ ಏನಾದೀತು ಎಂಬುದು ಮುದುಕರ ಹಟ. ಅಳಿಯನಿಗೋ, ಆ ಮರ್ಯಾದೆಯ ಪರಿವೆಯೇ ಇರಲಿಲ್ಲ.

ಕೊನೆಗೂ ಡೇರೆ ಬಂತು, ಮಾವನವರು ಊರಿಗೆ ಹೊರಡುವ ವಾರ. ಉಳಿದಿದ್ದ ಒಂದೇ ಭಾನುವಾರ, ಪ್ರೀತಮನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮೂವರೂ ವೆರಿಬೀ ಸೌತ್ ಕಡಲದಂಡೆಗೆ ಹೋದರು. ಗಾಳಿ ಬೀಸುತ್ತಿತ್ತು. ಪಕ್ಕದಲ್ಲಿ ವಿಯೆಟ್ನಾಮಿನ ಅಜ್ಜನೊಬ್ಬ ಬಕೆಟ್ ಮಗುಚಿ ಅದರ ಮೇಲೆ ಕುಳಿತು ಆರಾಮಾಗಿ ಮೀನು ಎಳೆಯುತ್ತಿದ್ದ. ಮೋಹನದಾಸ ಅವನತ್ತ ಕನಿಕರದಿಂದ ನೋಡಿ ತನ್ನ ಕೆಂಪು ಡೇರೆ ಬಿಚ್ಚಿದ. ಅದಕ್ಕೆ ತಳವಿರಲಿಲ್ಲ. ನೆಲಕ್ಕೆ ಬಿಗಿಯಲು ಕೊಟ್ಟ ಸ್ಕ್ರೂಗಳು ಮಂಜುಗಡ್ಡೆಗೆ ಮಾಡಿದವು. ಮರಳಿನಲ್ಲಿ ಒಂದೂ ನಿಲ್ಲಲಿಲ್ಲ. ಅಷ್ಟೆಲ್ಲ ಓದಿದವನಿಗೆ ಇದೊಂದು ಹೊಳೆದಿರಲಿಲ್ಲ. ಎರಡು ನಿಮಿಷ ಹಿಡಿದುಕೊಳ್ಳಿ ಮಾವ ಎಂದು ಹಗ್ಗವನ್ನು ಅವರ ಕೈಗೆ ಕೊಟ್ಟು, ಸೂಚನೆಯ ಹಾಳೆ ಬಿಡಿಸಿಕೊಂಡು ಕುಳಿತ.

ಬೆಳಗಿನಿಂದ ಮಧ್ಯಾಹ್ನದವರೆಗೆ ಗೋಪೀನಾಥರು ಹಗ್ಗ ಹಿಡಿದುಕೊಂಡೇ ನಿಂತರು. ಹೊಸ ಗಾಳದ ಕೋಲು ಕಾರಿಗೆ ಒರಗಿಕೊಂಡಿತ್ತು. ಸುಗುಣಾ ಚಹಾ ಕೊಡಲು ಹೋದರೆ ತೆಗೆದುಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ. ಹಗ್ಗ ಉಜ್ಜಿ ಅಂಗೈ ಕೆಂಪಾಗಿತ್ತು. ಅದನ್ನು ಕಂಡು ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಬಿಡಿ ಅಪ್ಪ."

"ಬೇಡ ಮಗಾ. ನನಗೋಸ್ಕರ ಅಲ್ವಾ ಅವ್ರು ಇಷ್ಟು ಮಾಡಿದ್ದು? ಬಿಟ್ರೆ ಹಾರಿ ಹೋಗ್ತದೆ."

"ಹೋಗ್ಲಿ."

ಅವಳು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಡೇರೆ ಒಮ್ಮೆ ಎದ್ದು, ಮಗುಚಿ, ದಂಡೆಯುದ್ದಕ್ಕೂ ಉರುಳತೊಡಗಿತು. ಮೋಹನದಾಸ ಹಾಳೆ ಹಿಡಿದುಕೊಂಡೇ ಅದರ ಹಿಂದೆ ಓಡಿದ. ಗೋಪೀನಾಥರು ಅಳಿಯನನ್ನೂ ಕಡಲನ್ನೂ ನೋಡುತ್ತ ಏನೂ ತೋಚದೆ ನಿಂತರು. ಸುಗುಣಾ ಕೋಲು ತಂದು ಕೈಗಿಟ್ಟಳು.

"ಅವ್ರು ವಾಪಸ್ ಬರುವ ಮೊದ್ಲು ಹಾಕಿ."

ಅಪ್ಪ ಗಾಳ ಬೀಸಿದರು. ಗಾಳಿ ಇನ್ನೂ ಜೋರಾಗಲಿ, ಡೇರೆ ಇನ್ನೂ ದೂರ ಹೋಗಲಿ ಎಂದು ಸುಗುಣಾ ಮನಸಾರೆ ಬೇಡಿಕೊಂಡಳು.