ಐ-ಎನ್-ಜಿ ಮಾಸ್ತರ್

ಬ್ರೇಕ್, ಬ್ರೋಕ್, ಬ್ರೋಕನ್! ತಗಡಿನ ಪಾರ್ಟಿಷನ್ ದಾಟಿ ಬರುತ್ತಿದ್ದ ಆ ಕೋರಸ್ ಇನ್ನೂ ನನ್ನ ಕಿವಿಯಲ್ಲಿದೆ. ಗುಡಗೇರಿಯ ಶಾಲೆಯಲ್ಲಿ ಆಚೆಯ ಕ್ಲಾಸು ಹನಮಂತಪ್ಪ ಮಾಸ್ತರರದು, ಈಚೆಯದು ನನ್ನದು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅವರು ಯರಗುಪ್ಪಿಯ ಹೊಲದ ಬದುವಿನ ಮೇಲೆ ಕೂತು, ರಟ್ಟು ಹರಿದ ಗ್ರಾಮರ್ ಬುಕ್ ಓದಿ ಇಂಗ್ಲಿಷ್ ಕಲಿತವರು. ಪ್ರನನ್ಸಿಯೇಶನ್ ಕೇಳಿದರೆ ದೇವರೇ ಗತಿ. ಗ್ರಾಮರ್ ಮಾತ್ರ ಪರ್ಫೆಕ್ಟ್.

"ಕ್ರಿಯಾಪದಕ್ಕ ಐ-ಎನ್-ಜಿ ಹಚ್ಚಿದ್ರ ಅದು ಯಾ ಕೆಲಸಕ್ಕೂ ತಯಾರ್," ಎನ್ನುತ್ತಿದ್ದರು. "ಬಸ್ ಈಸ್ ರನ್ನಿಂಗ್ ಅಂದ್ರ ಕ್ರಿಯಾಪದ. ರನ್ನಿಂಗ್ ಬಸ್ ಹತ್ತಬ್ಯಾಡ ಅಂದ್ರ ಗುಣವಾಚಕ. ರನ್ನಿಂಗ್ ಮೈಗೆ ಛಲೋ ಅಂದ್ರ ನಾಮಪದ. ಮಾರಿ ನೋಡಿ ಮೋಸ ಹೋಗಬ್ಯಾಡ್ರಿ, ಮಾಡೂ ಕೆಲಸ ನೋಡ್ರಿ."

"ಸ್ಲೀಪಿಂಗ್ ಯಾವುದ್ರಿ ಸರ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದ್ದರು.

"ಲೇ, ನೀ ಇಷ್ಟೊತ್ತನ ಮಾಡಿದ್ದು ಕ್ರಿಯಾಪದ!"

ನಾವಿಬ್ಬರೂ ರಿಟೈರ್ ಆದ ಮೇಲೆ ಅವರ ಒಬ್ಬನೇ ಮಗ ಮಲ್ಲಪ್ಪ ಸರಕಿನ ಹಡಗಿನಲ್ಲಿ ಅಡುಗೆಯವನಾಗಿ ಸೇರಿದ. ಹೋದ ವರ್ಷ ಹಡಗಿನವರಿಂದ ಒಂದು ಪತ್ರ ಬಂತು. ಮರುದಿನ ಮಾಸ್ತರರ ಹೆಂಡತಿ ಗಿರಿಜವ್ವ ಅದನ್ನು ಹಿಡಿದು ನನ್ನ ಮನೆಗೆ ಬಂದರು. ಹಿಂದೆ ಮಾಸ್ತರ್.

"ಅಕ್ಕಾರ, ಮಲ್ಲ್ಯಾ ನಮ್ಮನ್ನ ಭಾಳ ಮಿಸ್ ಮಾಡಾಕತ್ತಾನಂತ. ಇವ್ರು ಓದಿ ಹೇಳಿದ್ರು. ಹೇಳೂವಾಗ ದನಿ ನಡಗತಿತ್ತು. ನೀವು ಕಾನ್ವೆಂಟಿನಾಗ ಕಲತವ್ರು, ನೀವರ ಹೇಳ್ರಿ. ಖರೇ ಏನ್ರಿ?"

ಓದಿದೆ. ಯುವರ್ ಸನ್ ಈಸ್ ಮಿಸ್ಸಿಂಗ್. ಅಲ್ಲಿ ಅದು ಕ್ರಿಯಾಪದವಲ್ಲ, ಗುಣವಾಚಕ. ಬಿರುಗಾಳಿಯಲ್ಲಿ ಮಗ ಕಾಣೆಯಾಗಿದ್ದ. ಹುಡುಕುವುದನ್ನು ನಿಲ್ಲಿಸಿದ್ದೇವೆ ಎಂದು ಕೆಳಗೆ ಬರೆದಿತ್ತು. ಮಾಸ್ತರ್ ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತಿದ್ದರು. ಅಂಥ ತಪ್ಪನ್ನು ತಿಳಿಯದೆ ಮಾಡುವವರಲ್ಲ ಅವರು.

"ಖರೇ ಅದರಿ," ಅಂದೆ. ಗಾಡ್ ಫರ್ಗಿವ್ ಮಿ.

ಗಿರಿಜವ್ವನ ಮುಖ ಅರಳಿತು. "ಮತ್ತ ಯಾವಾಗ ಬರ್ತಾನಂತ?"

ಮಾಸ್ತರರೇ ಹೇಳಿದರು: "ಅದನ್ನ ಬರದಿಲ್ಲ ಬೇ. ಬರೇ ಪ್ರೆಸೆಂಟ್ ಟೆನ್ಸ್ ಐತಿ."

ಓಣಿಗೆಲ್ಲ ಸುದ್ದಿ ಹೇಳುವ ಅವಸರದಲ್ಲಿ ಗಿರಿಜವ್ವ ಮುಂದೆ ನಡೆದರು. ಮಾಸ್ತರ್ ಪತ್ರ ಮಡಚಿ ಕಿಸೆಯಲ್ಲಿಟ್ಟರು. ಗೇಟಿನ ಬಳಿ ತಿರುಗಿ ನನಗೆ ಕೈ ಮುಗಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.