ಖಾಲಿ ಗೋಲಿನ ಮುಂದೆ ನಮ್ಮ ಆಟಗಾರ

ಆ ಆಟಗಾರನಿಗೆ ನಾನು ಕೊಟ್ಟದ್ದು ಎರಡು ಚೀಲ ಅಕ್ಕಿ, ಹುಬ್ಬಳ್ಳಿಯಿಂದ ಬಸ್ ಚಾರ್ಜು, ಮಧ್ಯಾಹ್ನದ ಊಟ. ಅವನು ಕೇಳಿದ್ದು ಹಳೆಯ ಅಕ್ಕಿ. ಚೌಕಾಸಿ ಮಾಡಿ ಹೊಸದಕ್ಕೆ ಒಪ್ಪಿಸಿದ್ದೆ. ಅಷ್ಟಾದರೂ ಏಕೆ ಕೊಟ್ಟೆನೆಂದರೆ, ನಮ್ಮ ಅಕ್ಕಿಆಲೂರಿನ ಹುಡುಗರು ಕಬಡ್ಡಿಯಲ್ಲಿ ಹುಲಿಗಳು, ಫುಟ್‌ಬಾಲಿನಲ್ಲಿ ಮಾತ್ರ ಚೆಂಡಿನ ಹಿಂದೆ ಹನ್ನೊಂದೂ ಮಂದಿ ಗುಂಪಾಗಿ ಓಡುವವರು. ಹಾನಗಲ್ಲಿನ ಮೈದಾನದಲ್ಲಿ ಸವಣೂರಿನವರ ಮೇಲೆ ಫೈನಲ್ ಇತ್ತು. ಆಡಿಯೇ ಹೊಟ್ಟೆ ಹೊರೆಯುವವನೊಬ್ಬ ಬೇಕಾಗಿತ್ತು.

ಆಟದ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಅವನು ಮತ್ತೊಬ್ಬನ ಜೊತೆ ಒಂದೇ ತಟ್ಟೆಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ.

"ಇಂವ ಯಾರಪಾ?"

"ಸವಣೂರವರು ಕರಸಿದ ಗೋಲ್‌ಕೀಪರ್ ರೀ ಕಾಕಾ. ನಾವಿಬ್ಬರೂ ಒಂದ ರೂಮಿನ್ಯಾಗ ಇರ್ತೇವಿ."

"ಎದರಾ ಎದರ ಆಡಾವ್ರು, ಕೂಡಿ ತಿನ್ನಾಕತ್ತೀರಲ್ಲ?"

"ಹಸಿವಿ ಒಂದ ಐತಲ್ರಿ."

ಗೋಲ್‌ಕೀಪರ್ ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ, "ಇಂವ ಗೋಲು ಹೊಡದ್ರ ರಾತ್ರಿ ಹೊರಗ ಮಲಗಸ್ತೇನ್ರಿ ಕಾಕಾ," ಅಂದ.

ಚೀಲ ಹೊತ್ತು ಮೇಲೆ ಬಂದ ವ್ಯಾಪಾರಿ ನಾನು. ಕೊಳ್ಳುವವನ ದಲ್ಲಾಳಿ, ಮಾರುವವನ ದಲ್ಲಾಳಿ ಒಂದೇ ಬೆಂಚಿನ ಮೇಲೆ ಚಹಾ ಕುಡಿದರೆ ರೇಟು ಮೊದಲೇ ಕುದುರಿದೆ ಎಂದು ಬಲ್ಲೆ. ಆದರೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನಮ್ಮವನು ಗೋಲು ಹೊಡೆದ. ಕೀಪರ್ ಅವನನ್ನು ಬಾಯಿಗೆ ಬಂದಂತೆ ಬೈದ. ಇಬ್ಬರೂ ಸೇರಿ ಆಟ ಮಾರಿದ್ದಾರೆಂಬ ನನ್ನ ಸಂಶಯ ಹೋಯಿತು.

ಮುಂದೆ ಸವಣೂರಿನವರೂ ಒಂದು ಹೊಡೆದರು. ಆಟ ಮುಗಿಯಲು ಬಂದಿತ್ತು. ಚೆಂಡಿಗೆ ಹಾರಿದ ಕೀಪರ್ ಭುಜದ ಮೇಲೆ ಬಿದ್ದು ಏಳಲಿಲ್ಲ. ಚೆಂಡು ನಮ್ಮವನ ಕಾಲಡಿ ಇತ್ತು, ಎದುರಿಗೆ ಗೋಲು ಖಾಲಿ. ಅವನು ಚೆಂಡನ್ನು ಮೈದಾನದ ಪಕ್ಕದ ಗೆರೆಯಾಚೆ ಒದ್ದು ನನ್ನತ್ತ ಕೂಗಿದ: "ಕಾಕಾ, ಟೆಂಪೋ ತರಸ್ರಿ."

ಪಕ್ಕದಲ್ಲಿದ್ದವನು, "ನಿಮ್ಮ ಆಳು ಆ ಕಡೆ ಮಾರಾಟ ಆದ್ನಲ್ರಿ," ಅಂದ. ಅಷ್ಟರಲ್ಲಿ ಚೆಂಡು ಎಸೆಯುವ ಸರದಿ ಸವಣೂರಿನವರಿಗೆ ಬಂತು; ಅವರು ಅದನ್ನು ಬೇಕೆಂದೇ ನಮ್ಮ ಹುಡುಗರ ಕಾಲಿಗೇ ಎಸೆದರು. ಜನ ಚಪ್ಪಾಳೆ ತಟ್ಟಿದರು. ಹಾಗಾದರೆ ಅವರೂ ಮಾರಾಟವಾದರೇ? ಯಾರು ಯಾರ ಕಡೆ ಆಡುತ್ತಿದ್ದಾರೆ ಎಂಬುದೇ ತಿಳಿಯದೆ ನಾನೂ ಚಪ್ಪಾಳೆ ತಟ್ಟಿದೆ.

ಆಟ ಸಮನಾಗಿ ಮುಗಿದು, ಪೆನಾಲ್ಟಿಯಲ್ಲಿ ಸೋತೆವು. ಚಹಾಕ್ಕೆ ಹೋಗಿದ್ದ ಟೆಂಪೋ ಡ್ರೈವರ್ ಸಿಕ್ಕಿದ್ದು ಆಮೇಲೆಯೇ. ಟೆಂಪೋದಲ್ಲಿ ಕೀಪರ್ ತನ್ನ ಭುಜ ಹಿಡಿದುಕೊಂಡು ನರಳುತ್ತಿದ್ದ. ನಮ್ಮವನನ್ನು ಕೇಳಿದೆ: "ಇದೇನ್ ಮಾಡಿದ್ಯೋ?"

"ಅವನ ಭುಜಾ ಹೋದ್ರ ಅವನ್ನ ಯಾರು ಕರಿತಾರ್ರಿ ಕಾಕಾ? ಆಟ ಬಿಟ್ರ ಅವಗ ಬ್ಯಾರೆ ದಂಧೆ ಇಲ್ಲ."

"ನಾಳೆ ನೀ ಬಿದ್ರ ಇಂವ ನಿನಗಾಗಿ ಹಿಂಗ ಆಟ ಬಿಡ್ತಾನೇನು?"

"ಕೇಳಿಲ್ರಿ."

ಕೇಳದೆ, ಖಾತ್ರಿಯಿಲ್ಲದೆ ಇಂಥ ವ್ಯವಹಾರ ಹೇಗೆ ನಡೆಯುತ್ತದೋ ನನಗೆ ಈಗಲೂ ಗೊತ್ತಿಲ್ಲ. ಡಾಕ್ಟರು ಭುಜ ಕೂಡಿಸಿ, ಮೂಳೆ ಮುರಿದಿಲ್ಲ, ಮಳೆಗಾಲ ಕಳೆದ ಮೇಲೆ ಆಡಬಹುದು ಎಂದಾಗ ನಮ್ಮವನು ಗೋಡೆಗೆ ಒರಗಿ ಅತ್ತುಬಿಟ್ಟ. ಗೋಲು ಹೊಡೆದಾಗಲೂ ನಗದವನು.

ನೀವೂ ತಂಡ ಕಟ್ಟುವವರಾದರೆ, ಆಟಗಾರನನ್ನು ಗೊತ್ತು ಮಾಡುವ ಮೊದಲು ಎದುರು ತಂಡದಲ್ಲಿ ಅವನ ಗೆಳೆಯರು ಯಾರೆಂದು ವಿಚಾರಿಸಿ. ಇದ್ದರೆ ಅವನನ್ನು ಬಿಡಬೇಡಿ. ಸಾಧ್ಯವಾದರೆ ಇಬ್ಬರನ್ನೂ ನಿಮ್ಮ ಕಡೆಗೇ ಹಾಕಿಕೊಳ್ಳಿ. ಆಗದಿದ್ದರೆ ಮೈದಾನದ ಪಕ್ಕ ಒಂದು ಗಾಡಿ ನಿಲ್ಲಿಸಿರಿ, ಆಟ ಮುಗಿಯುವ ತನಕ ಡ್ರೈವರನನ್ನು ಎಲ್ಲಿಗೂ ಬಿಡಬೇಡಿ.