ಅತ್ತೆ ಕತ್ತರಿ ಹಾಕದ ನಿಲುವಂಗಿ

ನಮ್ಮ ಚರ್ಚಿನ ಗಾಯಕವೃಂದದಲ್ಲಿ ನನಗೆ ಜಾಗ ಸಿಕ್ಕಿದ್ದು ಕಂಠದಿಂದಲ್ಲ, ಅತ್ತೆಯಿಂದ. ಎಲ್ಲರ ಬಿಳಿ ನಿಲುವಂಗಿ ಹೊಲಿಯುವವಳು ಅವಳೇ. ಒಂದು ಮಿಕ್ಕಿತ್ತು, ನನಗೆ ತೊಡಿಸಿದಳು. ವಾರವಿಡೀ ಮೊಬೈಲ್ ಅಂಗಡಿಯಲ್ಲಿ "ಬನ್ನಿ ಸರ್, ಆಫರ್ ಇದೆ" ಎಂದು ಕೂಗುವ ಗಂಟಲಿಗೆ ಭಾನುವಾರವೂ ಅದೇ ರಾಗ. ದೇವರು ಕೊಳ್ಳುವುದಿಲ್ಲ, ಪಾಪ, ಬೈಯುವುದೂ ಇಲ್ಲ.

ಗಂಡ ತೀರಿಕೊಂಡ ಮೇಲೆ ಅತ್ತೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಬದುಕು ಕಟ್ಟಿಕೊಂಡವಳು. ಗುಂಡುಪಿನ್ನು ಕಚ್ಚಿಕೊಂಡೇ ಪ್ರಾರ್ಥನೆ ಮಾಡುತ್ತಾಳೆ. "ಬಾಯಲ್ಲಿ ಪಿನ್ನಿದ್ರೆ ದೇವರ ಹತ್ರ ಜಾಸ್ತಿ ಕೇಳೋಕಾಗಲ್ಲ ಕಣೋ, ಅದೇ ಒಳ್ಳೇದು" ಅನ್ನುತ್ತಾಳೆ. ವೃಂದದಲ್ಲಿ ಹೆಂಗಸರ ಮೊದಲ ದನಿಯೂ ಅವಳದೇ. ಇನ್ನೊಬ್ಬರ ಮನೆ ಮಾತಿಗೆ ಹೋಗದಿರುವುದು ಅವಳ ಹೆಮ್ಮೆ.

ಈಚೆಗೆ ನಮ್ಮ ಜೊತೆ ಹಾಡುವ ಟೀಚರಕ್ಕ ಗಂಡನನ್ನು ಬಿಟ್ಟು ಬಾಡಿಗೆ ಕೋಣೆ ಹಿಡಿದಳು. ಸಭೆಯ ಹಿರಿಯರು ಆ ಗಂಡನಿಗೆ ಸೋದರಮಾವ. ಸಂಸಾರ ಸರಿಹೋಗುವವರೆಗೂ ಅವಳು ಮುಂದೆ ನಿಂತು ಹಾಡುವುದು ಬೇಡವೆಂದು ಕಮಿಟಿ ತೀರ್ಮಾನಿಸಿತು. ಶನಿವಾರ ಹಿರಿಯರೇ ಚರ್ಚಿನ ಕಪಾಟಿನಲ್ಲಿದ್ದ ಅವಳ ನಿಲುವಂಗಿ ಹಿಡಿದು ಅತ್ತೆಯ ಕೋಣೆಗೆ ಬಂದರು. ನನ್ನ ಶರ್ಟಿಗೆ ಅತ್ತೆ ಗುಂಡಿ ಹಾಕುತ್ತಿದ್ದಳು. ನಾನು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ.

"ತಂಗಿ, ಇದನ್ನ ಕತ್ತರಿಸಿ ನನ್ನ ಮೊಮ್ಮಗಳಿಗೆ ಸರಿ ಮಾಡಿಕೊಡು, ನಾಳೆಗೆ ಬೇಕು. ಅಲ್ಲಾ, ಇದೊಂದೇ ಯಾಕೆ ಮುಂದೆ ಗುಂಡಿ? ಮಿಕ್ಕಿದ್ದೆಲ್ಲ ತಲೆ ಮೇಲಿಂದ ಹಾಕೋದಲ್ವಾ?"

ಅತ್ತೆ ಸೂಜಿ ಕೆಳಗಿಟ್ಟಳು. "ಅವಳಿಗೆ ಕೈ ಎತ್ತೋಕಾಗ್ತಿರಲಿಲ್ಲ ಅಣ್ಣಾ. ಮುಂದೆ ಸೀಳಿ ಗುಂಡಿ ಇಡಿ ಅಂದಳು. ಭುಜ ನೀಲಿಗಟ್ಟಿತ್ತು. ನೋಡಿದೆ. ಗುಂಡಿ ಇಟ್ಟೆ, ಸುಮ್ಮನಾದೆ."

"ಎಲ್ಲೋ ಬಿದ್ದಿರಬೇಕು."

"ನಾನೂ ಹಾಗೇ ಅಂದ್ಕೊಂಡೆ. ಅಂದ್ಕೊಳ್ಳೋಕೇನು, ಸುಲಭ. ಇದಕ್ಕೆ ಮಾತ್ರ ನಾನು ಕತ್ತರಿ ಹಾಕಲ್ಲ."

"ಕಮಿಟಿ ತೀರ್ಮಾನ ಆಗಿದೆ ತಂಗಿ."

"ಕಮಿಟಿ ಅವಳನ್ನ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾಳೆ ಅವಳು ಹಾಡದಿದ್ರೆ ನಾನೂ ಹಾಡಲ್ಲ."

ಹಿರಿಯರು ನನ್ನತ್ತ ತಿರುಗಿದರು. "ನೀನೇನಪ್ಪಾ ಅಂತೀಯ?"

"ನಾನೂ ಹಾಡಲ್ಲ" ಅಂದೆ. ಅವರ ಮುಖದಲ್ಲಿ ಒಂದು ಕ್ಷಣ ನೆಮ್ಮದಿ ಸುಳಿದಂತಿತ್ತು.

ಆಮೇಲೆ ಅವರು ಬೆಂಚಿನ ಮೇಲೆ ಕುಳಿತು, ಆ ಗುಂಡಿಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿದರು. ನಿಲುವಂಗಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಸಂಜೆ ಅತ್ತೆ ಅದಕ್ಕೆ ಇಸ್ತ್ರಿ ಹಾಕಿ, ನನ್ನನ್ನೂ ಕರೆದುಕೊಂಡು ಟೀಚರಕ್ಕನ ಕೋಣೆಗೆ ಹೋದಳು. "ಅವತ್ತೇ ಕೇಳಬೇಕಿತ್ತು ಮಗಳೇ" ಅಂದಳು. ಟೀಚರಕ್ಕ ಚಾಪೆ ಹಾಸಿದಳು.

ಮರುದಿನ ಅವಳು ತನ್ನ ಜಾಗದಲ್ಲಿ ನಿಂತು ಹಾಡಿದಳು. ಒಂದಿಬ್ಬರು ಕೆಮ್ಮಿದರು, ಯಾರೂ ತಡೆಯಲಿಲ್ಲ.

ಆರಾಧನೆ ಮುಗಿದು ಬಾಗಿಲಲ್ಲಿ ಎಲ್ಲರ ಕೈಕುಲುಕುತ್ತಿದ್ದ ಹಿರಿಯರು ಅವಳೆದುರು ತಡವರಿಸಿದರು. "ಅಮ್ಮಾ, ಇವತ್ತು ನಿನ್ನ ಹತ್ರ ಬಂದು ಮಾತಾಡಲಾ?"

"ಮೊದಲು ನಿಮ್ಮ ಅಕ್ಕನ ಮಗನ್ನ ಕೇಳಿ ಮಾವ. ಆಮೇಲೆ ಬನ್ನಿ."

ಹಿರಿಯರು ತಲೆಯಾಡಿಸಿದರು. ತಮ್ಮ ಮನೆಯ ದಾರಿ ಬಿಟ್ಟು ಅವನ ಮನೆಯ ಕಡೆ ನಿಧಾನವಾಗಿ ನಡೆದರು.